ಲೈನಿನಲ್ಲೇ ಇದ್ದ ಉಜ್ಜಿನಪ್ಪ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಸರೀರಿ. ಇದು ಸುಣ್ಣಗಾರ ಓಣಿ ಕತೆ.

ಆ ಓಣೀಲಿ ಕೊಟ್ರವ್ವ ಅಂತ ಒಬ್ಬಳಿದ್ದಳು. ಒಗ್ಗರಣೆ ಮಂಡಕ್ಕಿ ಮಾರಿ ಬದುಕೋಳು. ಅವಳಿಗೊಬ್ಬ ಮಗ, ಉಜ್ಜಿನಪ್ಪ. ಆಳು ಎತ್ತರ, ಬುದ್ಧಿ ಗಿಡ್ಡ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಕಷ್ಟ! "ಹಾಲು ನೋಡ್ಕೋ" ಅಂದರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ಕೂರೋನು.

"ಯಾವ ಜನ್ಮದ ಪಾಪಕ್ಕೆ ಇವನು ಹುಟ್ಟಿದನೋ!" ಅಂತ ಕೊಟ್ರವ್ವ ಹಣೆ ಚಚ್ಚಿಕೊಳ್ಳೋಳು. ಚಚ್ಚಿಕೊಂಡು ಮತ್ತೆ ಕೆಲಸಕ್ಕೆ ಏಳೋಳು.

ಓಣಿಗೆ ನೀರಿರಲಿಲ್ಲ. ನಲ್ಲಿ ಲೈನ್ ಹಾಕ್ತೀವಿ ಅಂತ ಬಂದವರು ಉದ್ದಕ್ಕೆ ಗುಂಡಿ ತೋಡಿ ಹೋದರು. ಹೋದವರು ಹೋದರು, ಗುಂಡಿ ಉಳೀತು. ಓಣಿಯೋರು ಆ ಗುಂಡಿಗೇ "ಲೈನು" ಅಂತ ಹೆಸರಿಟ್ಟರು. ಲೈನು ದಾಟಿ, ದೂರದ ಬೋರಿಂದ ಕೊಡ ಹೊತ್ತೂ ಹೊತ್ತೂ ಕೊಟ್ರವ್ವನ ಮಂಡಿ ಸವೆದುಹೋಗಿತ್ತು.

"ನೀರು ತರಿಸದೆ ಬಿಡೋಳಲ್ಲ ನಾನು!" ಅಂದಳು. "ಲೇ ಉಜ್ಜ, ಮೆಂಬರ್ ಗುರುಶಾಂತಪ್ಪನ ಮನೆಗೆ ಹೋಗು. ಕಾಲು ಹಿಡಿ. ಅವನು ಹೂಂ ಅನ್ನೋವರೆಗೂ ಬಿಡಬೇಡ!"

ಹೋದ. ಮೆಂಬರ್ ಜೀಪು ಹತ್ತುತಾ ಇದ್ದ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಉಜ್ಜಿನಪ್ಪ ಕೆಳಗಿನದನ್ನ ಗಬಕ್ಕನೆ ಹಿಡಿದ.

"ಬಿಡಲೇ!"

"ಹೂಂ ಅನ್ರಿ!"

"ಯಾಕಲೇ?"

"ಹೂಂ ಅನ್ರಿ!"

ಎಳೆದಾಡಿ ಎಳೆದಾಡಿ ಮೆಂಬರ್ ಧೊಪ್ಪನೆ ಬಿದ್ದ. "ಹೂಂ..." ಅಂತ ನರಳಿದ. ಉಜ್ಜಿನಪ್ಪ ಕಾಲು ಬಿಟ್ಟು ಮನೆಗೆ ಓಡಿದ.

"ಅವ್ವಾ, ಹೂಂ ಅಂದ್ರು!"

"ನೀರಿನ ಮಾತು?"

"ನೀರಿನ ಮಾತು ನೀನು ಹೇಳಲಿಲ್ವಲ್ಲ!"

"ಪೆದ್ದ ಮುಂಡೇದೇ! ದೊಡ್ಡವರನ್ನ ಮುಟ್ಟಬಾರದು. ದೂರ ನಿಂತು, ಚಪ್ಪಾಳೆ ತಟ್ಟಿ, 'ಭಲೇ! ಭಲೇ!' ಅನ್ನಬೇಕು. ಅವರು ಉಬ್ಬಿದ ಮೇಲೆ ನೀರು ಕೇಳಬೇಕು. ಇಂಜಿನಿಯರ್ ಆಫೀಸಿಗೆ ಹೋಗು!"

ಹೋದ. ಆಫೀಸಲ್ಲಿ ಕುರ್ಚಿ ಖಾಲಿ, ಮೂಲೆ ಭರ್ತಿ. ಇಂಜಿನಿಯರ್ ಸಾಹೇಬರಿಂದ ಜವಾನನವರೆಗೂ ಒಂದೇ ಫೋನಿಗೆ ಮುತ್ತಿಕೊಂಡು ಕ್ರಿಕೆಟ್ ನೋಡ್ತಿದ್ದರು. ಕೊನೇ ಓವರ್. ನಮ್ಮವನು ಬ್ಯಾಟ್ ಬೀಸಿದ, ಸ್ಟಂಪ್ ಹಾರಿತು. ಯಾರ ಬಾಯಲ್ಲೂ ಉಸಿರಿಲ್ಲ.

ಬಾಗಿಲ ಹತ್ತಿರದಿಂದ ಚಟಪಟ ಚಪ್ಪಾಳೆ! "ಭಲೇ! ಭಲೇ!"

ಇಂಜಿನಿಯರ್ ಕೆಂಡವಾದ. "ನಮ್ಮವನು ಔಟಾದ್ರೆ ಭಲೇ ಅಂತೀಯಾ? ಯಾವ ದೇಶದವನಲೇ ನೀನು?"

"ಸುಣ್ಣಗಾರ ಓಣಿಯವನು, ಸ್ವಾಮಿ!"

ಕತ್ತು ಹಿಡಿದು ಹೊರಗೆ ದಬ್ಬಿದರು.

"ಅಯ್ಯೋ ಮಂಕೇ!" ಅಂದಳು ಕೊಟ್ರವ್ವ. "ಜನ ಸುಮ್ಮನಾದಾಗ ಚಪ್ಪಾಳೆ ಹೊಡೀತಾರಾ? ತಲೆ ಮೇಲೆ ಕೈ ಹೊತ್ತು, 'ಅಯ್ಯೋ, ಹೋದನಲ್ಲಪ್ಪಾ! ಇರೋವರೆಗೂ ಎಷ್ಟು ಹೊಡೆದ! ಇದ್ದಿದ್ರೆ ಇನ್ನೂ ಎಷ್ಟು ಹೊಡೀತಿದ್ನೋ!' ಅನ್ನಬೇಕು. ಬಾಯಿಪಾಠ ಮಾಡು. ಇವತ್ತು ಮೆಂಬರಿನ ಸಭೆ ಐತಂತೆ, ನಡಿ!"

ನಡೆದ. ಆವತ್ತು ಮೆಂಬರ್ ಗುರುಶಾಂತಪ್ಪ ಹಳೇ ಪಕ್ಷ ಬಿಟ್ಟು ಹೊಸ ಪಕ್ಷ ಸೇರೋ ದಿನ. ವೇದಿಕೆ ಮೇಲೆ ಹಳೇ ಶಾಲು ತೆಗೆದ. ಹೊಸ ಶಾಲಿಗೆ ಕುತ್ತಿಗೆ ಚಾಚಿದ. ಈಗೇನಾಗುತ್ತೋ ಅಂತ ಸಭೆಯೆಲ್ಲಾ ಸುಮ್ಮನಾಯಿತು.

ಉಜ್ಜಿನಪ್ಪ ತಲೆ ಮೇಲೆ ಕೈ ಹೊತ್ತ. "ಅಯ್ಯೋ, ಹೋದನಲ್ಲಪ್ಪಾ! ಇರೋವರೆಗೂ ಎಷ್ಟು ಹೊಡೆದ! ಇದ್ದಿದ್ರೆ ಇನ್ನೂ ಎಷ್ಟು ಹೊಡೀತಿದ್ನೋ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮೆಂಬರಿನ ಹುಡುಗರು ಅವನನ್ನ ಹೊತ್ತುಕೊಂಡು ಹೋಗಿ ಆಚೆ ಎಸೆದರು.

ಕೊಟ್ರವ್ವನಿಗೆ ಒಳಗೊಳಗೇ ನಗು, ಮೇಲೆ ಸಿಟ್ಟು. "ನಿನಗೆ ಮನುಷ್ಯರ ಸಹವಾಸವೇ ಬೇಡ! ತಗೋ ಫೋನು. ಇದು ದೂರು ಹೇಳೋ ನಂಬರು. ಒಬ್ಬಳು ಮಾತಾಡ್ತಾಳೆ. ಅವಳು ಹೇಳಿದಂಗೆ ಮಾಡು. ನಿನ್ನ ಬುದ್ಧಿ ಸೇರಿಸಬೇಡ!"

"ಕನ್ನಡಕ್ಕಾಗಿ ಒಂದನ್ನು ಒತ್ತಿ" ಅಂದಳು ಫೋನಿನವಳು. ಒತ್ತಿದ. "ನೀರಿಗಾಗಿ ಎರಡನ್ನು ಒತ್ತಿ." ಒತ್ತಿದ. "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಲೈನಿನಲ್ಲೇ ಇರಿ."

ಉಜ್ಜಿನಪ್ಪ ಓಡಿಹೋಗಿ ಗುಂಡಿಗೆ ಹಾರಿದ.

ಅದೇ ಹೊತ್ತಿಗೆ ಜೆಸಿಬಿ ಬಂತು. ಯಾರೋ ದೊಡ್ಡ ನಾಯಕರ ಮೆರವಣಿಗೆ ಆ ದಾರೀಲಿ ಬರೋದಿತ್ತು, ಗುಂಡಿ ಮುಚ್ಚಿ ಅಂತ ಮೇಲಿಂದ ಅಪ್ಪಣೆ. ಡ್ರೈವರ್ ಬಗ್ಗಿ ನೋಡಿದ.

"ಮೇಲೆ ಬಾರಲೇ, ಮಣ್ಣು ಹಾಕ್ಬೇಕು!"

"ಲೈನಲ್ಲೇ ಇರಬೇಕಂತೆ!"

"ಯಾರಂದ್ರು?"

"ಸರ್ಕಾರದ ಅಕ್ಕ!"

ಕೊಟ್ರವ್ವ ಪೊರಕೆ ಹಿಡಿದು ಓಡಿ ಬಂದಳು. ಬಾಯಿ ತೆರೆದಳು, ಬಯ್ಯಲಿಲ್ಲ. ಮೇಲೆ ಮಣ್ಣಿನ ಗುಡ್ಡೆ, ಕೆಳಗೆ ಮಗ. ಈ ಗುಂಡಿ ಮುಚ್ಚಿದರೆ ನೀರು ಈ ಜನ್ಮಕ್ಕಿಲ್ಲ ಅಂತ ಅವಳಿಗೆ ಹೊಳೀತು. ಪೊರಕೆ ಬಿಸಾಕಿದಳು, ಸೆರಗು ಬಿಗಿದಳು, ಮಂಡಿ ಹಿಡ್ಕೊಂಡು ತಾನೂ ಇಳಿದಳು.

"ಇರು ಮಗನೇ, ಇರು! ನಾನೂ ಇರ್ತೀನಿ. ಯಾವನು ಮಣ್ಣು ಹಾಕ್ತಾನೋ ನೋಡೇಬಿಡ್ತೀನಿ!"

ಅವಳ ಹಿಂದೆ ಓಣಿ ಹೆಂಗಸರೆಲ್ಲಾ ಇಳಿದರು. ಯಾರೋ ವಿಡಿಯೋ ಮಾಡಿದರು. "ಲೈನ್ ಬಿಡದ ಧೀರ" ಅಂತ ಊರಿನ ಫೋನುಗಳಲ್ಲೆಲ್ಲಾ ಉಜ್ಜಿನಪ್ಪನೇ! ಮೆಂಬರ್ ಹೊಸ ಶಾಲು ಸಮೇತ ಓಡಿ ಬಂದ.

"ಪೈಪು ಹಾಕಿಸ್ತೀನಿ, ಮೇಲೆ ಬಾರಪ್ಪಾ!"

"ಅಕ್ಕನ್ನ ಕೇಳ್ರಿ!"

"ಮೊದಲು ಪೈಪು, ಆಮೇಲೆ ನಾವು!" ಅಂದಳು ಕೊಟ್ರವ್ವ.

ಪೈಪು ಬಂತು. ಕೊಟ್ರವ್ವ ಮೇಲೆ ಹತ್ತಿದಳು. ಉಜ್ಜಿನಪ್ಪ ಹತ್ತಿದ್ದು ಫೋನಿನ ಬ್ಯಾಟರಿ ಸತ್ತ ಮೇಲೆ.

ನಲ್ಲಿ ಕೂರಿಸಿದರು, ನೀರು ಬಿಡೋ ದಿನ ಗೊತ್ತಾಯಿತು. ಕೊಟ್ರವ್ವ ಮಗನ ತಲೆ ಸವರಿದಳು. "ನಿನ್ನಿಂದ ಆದದ್ದು ಕಣೋ! ನಲ್ಲಿ ಹತ್ರ ನೀನೇ ನಿಲ್ಲಬೇಕು. ಎಷ್ಟು ಕಷ್ಟಪಟ್ಟು ತರಿಸಿದ ನೀರು! ಒಂದು ಹನೀನೂ ನೆಲಕ್ಕೆ ಬೀಳಬಾರದು, ತಿಳೀತಾ?"

"ತಿಳೀತವ್ವಾ!"

ಕೊಡಗಳು ಸಾಲಾಗಿ ಕೂತವು. ಮೆಂಬರ್ ಕಾಯಿ ಒಡೆದ. ಪೈಪಿನೊಳಗೆ ಗುಳುಗುಳು ಸದ್ದು ಬಂತು. "ಬಂತು! ಬಂತು!" ಅಂತ ಓಣಿಯೆಲ್ಲಾ ಕೂಗಿತು.

ಉಜ್ಜಿನಪ್ಪ ಹಾರಿ ನಲ್ಲಿ ಹಿಡಿದ. ಹಲ್ಲು ಕಚ್ಚಿ, ಉಸಿರು ಬಿಗಿದು, ಮೈಯಲ್ಲಿದ್ದ ಬಲವನ್ನೆಲ್ಲಾ ಹಾಕಿ ಅದನ್ನ ಬಿಗಿಯಾಗಿ ತಿರುವಿದ, ಇನ್ನೂ ತಿರುವಿದ, ಇನ್ನೂ! ಕಟಕ್!

ನಲ್ಲಿಯ ಹಿಡಿ ಮುರಿದು ಕೈಗೆ ಬಂತು. ಗುಳುಗುಳು ಅಲ್ಲಿಗೇ ನಿಂತಿತು.

ಬೆವರು ಸುರಿಸುತ್ತಾ ಓಡಿಬಂದು, ಆ ಹಿಡಿಯನ್ನ ಅವ್ವನ ಅಂಗೈಲಿಟ್ಟ.

"ನೋಡವ್ವಾ! ಒಂದು ಹನೀನೂ ಬೀಳೋಕೆ ಬಿಡಲಿಲ್ಲ!"