ಉಕ್ಕಿನ ಪೆಟ್ಟಿಗೆಗೊಂದು ಗಾಳಿಕಂಡಿ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಇದ್ದವರು ಇಬ್ಬರೇ: ಗೂಳಪ್ಪಜ್ಜನವರು, ಅವರ ಶಿಷ್ಯೆ ಶಾಂಭವಿ.

ದೀಕ್ಷೆ ಪಡೆಯುವ ಮೊದಲು ಅಜ್ಜ ತಗಡಿನ ಟ್ರಂಕು ಮಾಡುತ್ತಿದ್ದರು.

ಶಾಂಭವಿ ತಾಳೆಗರಿಯ ಹಳೆಯದೊಂದು ಕಟ್ಟನ್ನು ಒಂದೊಂದೇ ಗರಿಯಾಗಿ ಚಿತ್ರ ತೆಗೆದು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಆಚೆ ಊರಿನ ಮನೆತನವೊಂದು ನಂಬಿ ಕೊಟ್ಟ ಕಟ್ಟು. ಹುಣ್ಣಿಮೆಗೆ ಅದು ವಾಪಸ್ ಹೋಗಿ ಅವರ ದೇವರ ಜಗಲಿ ಏರಬೇಕು. ಏರಿದ ಮೇಲೆ ಅದಕ್ಕೆ ಕುಂಕುಮ ಹಚ್ಚುವವರಿದ್ದಾರೆ, ಬಿಚ್ಚಿ ಓದುವವರಿಲ್ಲ.

ಹುಣ್ಣಿಮೆಗೆ ಐದು ದಿನ. ನಲವತ್ತಾರು ಗರಿ ಬಾಕಿ. ಕಂಪ್ಯೂಟರಿನ ಉಕ್ಕಿನ ಪೆಟ್ಟಿಗೆಯೋ, ಎರಡು ಗರಿ ಮುಗಿಯುವಷ್ಟರಲ್ಲಿ ಕಾದು ಕಣ್ಣು ಮುಚ್ಚಿಬಿಡುತ್ತಿತ್ತು.

ಅಜ್ಜ ಅದರ ಮೇಲೆ ಅಂಗೈ ಇಟ್ಟರು. “ಜ್ವರ ಬಂದಾವ ಇದಕ್ಕ.”

“ಬದಿಗೆ ತೂತು ಕೊರದು ಫ್ಯಾನ್ ಕೂಡಿಸಬೇಕ್ರಿ ಅಜ್ಜಾರ.”

“ಕೊರಿ ಮತ್ತ.”

ಪೇಟೆಯಿಂದ ಗ್ರೈಂಡರ್ ಬಂತು. ಬಡಗಿಯ ಮನೆಯಿಂದ ಕರೆಂಟಿನ ಡ್ರಿಲ್ಲು ಬಂತು, ಅದರ ಮೂತಿಗೆ ಹಾಕುವ ಬಳೆಯಂಥ ಗರಗಸ ಬಂತು. ಅಜ್ಜನ ಹಳೆಯ ಗಂಟಿನಿಂದ ತಗಡು ಕತ್ತರಿ, ಕೈಬೈರಿಗೆ, ಅಂಚು ಉಜ್ಜುವ ಅರ ಹೊರಬಂದವು. ಎಲ್ಲವನ್ನೂ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು ನೋಡುತ್ತ ಕೂತಳು.

ಹೊಳೆಯ ಮೇಲೆ ಮಂಜು ಎದ್ದಿತು, ಕರಗಿತು. ಮತ್ತೆ ಎದ್ದಿತು, ಕರಗಿತು. ಮೂರು ಬೆಳಗು ಹಾಗೇ ಹೋದವು.

“ಗ್ರೈಂಡರ್ ಜೋರು, ಆದರ ದುಂಡಗ ತಿರುಗೂದಿಲ್ಲ. ಬಳಿ ಗರಗಸ ದುಂಡಗ ಕೊಯ್ಯತೈತಿ, ಅಳತಿ ಸಣ್ಣದು. ಕತ್ತರಿ ಹಾಕಿದ್ರ ತಗಡು ಮುರುಟತೈತಿ. ಯಾವುದು ಸರಿ ಅಜ್ಜಾರ?”

“ವರ ಆರಿಸಾಕತ್ತೀಯೇನವ್ವಾ? ಎಲ್ಲಾರಿಗೂ ಒಂದೊಂದು ಐಬು ಹೇಳತಿ!”

ಅವಳು ತಲೆ ತಗ್ಗಿಸಿ ನಕ್ಕಳು. “ಕೈ ತಪ್ಪಿದ್ರ ಮತ್ತೊಂದು ಪೆಟ್ಟಿಗಿ ಎಲ್ಲಿಂದ ತರೂದ್ರಿ?”

ಅಜ್ಜ ಎದ್ದು ಹೋಗಿ ಹಳೆಯ ಟ್ರಂಕಿನ ಮುಚ್ಚಳ ತಂದು ಮುಂದಿಟ್ಟರು.

“ಇದರ ಮ್ಯಾಲ ಕೊಯ್ಯಿ. ನಾ ಸಾಕು ಅಂದಕೂಡ್ಲೆ ನಿಲ್ಸು.”

ಗ್ರೈಂಡರ್ ಕಿಡಿ ಚೆಲ್ಲುತ್ತ ಓಡಿತು. “ಸಾಕು,” ಅಂದರು ಅಜ್ಜ. ಸ್ವಿಚ್ ಬಿಟ್ಟಳು. ಚಕ್ರ ತನ್ನ ಪಾಡಿಗೆ ಇನ್ನೂ ನಾಲ್ಕು ಬೆರಳು ದೂರ ಸೀಳಿಕೊಂಡು ಹೋಯಿತು.

ಬಳೆ ಗರಗಸ ಹಲ್ಲು ಕಚ್ಚಿ ಅವಳ ಮಣಿಕಟ್ಟನ್ನೇ ತಿರುವಿತು.

ಕತ್ತರಿಯ ಸರದಿ ಬಂದಾಗ, ಅಜ್ಜ ಬಾಯಿ ತೆರೆಯುವ ಮೊದಲೇ ತಗಡು ಮಡಚಿಕೊಂಡಿತ್ತು.

ಕೊನೆಗೆ ಬೈರಿಗೆಯಿಂದ ಪುಟ್ಟ ತೂತು ಹಾಕಿ, ಅದರಲ್ಲಿ ಅರ ಆಡಿಸಿದಳು.

“ಸಾಕು.”

ಕೈ ನಿಂತಿತು. ಅರವೂ ನಿಂತಿತು.

ಶಾಂಭವಿ ಹೆಬ್ಬೆರಳಿನಿಂದ ಅರದ ಹಲ್ಲು ಸವರಿದಳು. “ಆದರ ಇದಕ್ಕ ಇಡೀ ದಿನ ಬೇಕ್ರಿ.”

“ಆರಿಸಾಕ ಮೂರು ಕೊಟ್ಟಿ. ಕೊರಿಯಾಕ ಒಂದು ಕೊಡು.”

ಪೆಟ್ಟಿಗೆಯ ಒಳಗಿನದನ್ನೆಲ್ಲ ಬಿಚ್ಚಿ ಧೋತರದಲ್ಲಿ ಸುತ್ತಿಟ್ಟಳು. ಅದರ ಬದಿಯ ತಗಡನ್ನು ಕಳಚಿ ದಂಡೆಗೆ ಒಯ್ದು, ಮೇಲೆ ವರ್ತುಲ ಬರೆದು, ಗೆರೆಗುಂಟ ಒತ್ತೊತ್ತಾಗಿ ಪುಟ್ಟ ತೂತು ಹಾಕುತ್ತ ಹೋದಳು. ಮಧ್ಯಾಹ್ನ ತಗಡನ್ನು ಎತ್ತಿ ಹಿಡಿದಾಗ ಬಿಸಿಲು ಸೋಸಿ, ಮರಳಿನ ಮೇಲೆ ಬೆಳಕಿನ ಮಣಿಸರ ಬಿತ್ತು. ಅಲುಗಿಸಿದರೆ ಸರವೂ ಅಲುಗಿತು. ತಾನೆಲ್ಲಿದ್ದೇನೆ ಎಂಬುದೇ ಅವಳಿಗೆ ಮರೆತುಹೋಯಿತು.

ನಡುವಿನ ಬಿಲ್ಲೆ ಕಳಚಿ, ಅಂಚಿಗೆ ಅರ ಹಾಕಿ, ಫ್ಯಾನ್ ಕೂಡಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಪೆಟ್ಟಿಗೆ ಉಸಿರಾಡತೊಡಗಿತು. ಎರಡು ಗರಿ ದಾಟಿತು, ಹತ್ತು ದಾಟಿತು. ಇಪ್ಪತ್ತು ಮುಗಿದರೂ ಕಣ್ಣು ಮುಚ್ಚಲಿಲ್ಲ.

ಮರುದಿನ ಅಜ್ಜ ಸ್ನಾನ ಮುಗಿಸಿ ಬಂದಾಗ ಕಂಪ್ಯೂಟರ್ ಆರಿತ್ತು. ಫ್ಯಾನ್ ಕಳಚಿ ಬದಿಗಿತ್ತು. ಶಾಂಭವಿ ದಂಡೆಯ ಮೇಲೆ ತಗಡು ನಿಲ್ಲಿಸಿಕೊಂಡು ಅರ ಹಾಕುತ್ತಿದ್ದಳು.

“ಏನವ್ವಾ ಇದು?”

“ಬಲಕ್ಕ ಚೂರು ಸೊಟ್ಟ ಆಗೇತ್ರಿ ಅಜ್ಜಾರ. ಸರಿಯಾಗಿ ದುಂಡಗ ಮಾಡಿಬಿಡತೀನಿ.”

“ಹುಣ್ಣಿಮಿ ಯಾವಾಗ?”

“ನಾಳೆ.”

“ಗರಿ ಎಷ್ಟು ಉಳದಾವು?”

“ಇಪ್ಪತ್ತಾರು.” ಅರ ಮಾತ್ರ ನಿಲ್ಲಲಿಲ್ಲ.

ಹೊಳೆಯ ಮೇಲಿಂದ ಗಾಳಿ ಬೀಸಿತು. ತಗಡಿನ ತೂತಿನ ಆಚೆ ಬದಿಗೆ ಅಜ್ಜ ಅಂಗೈ ಹಿಡಿದರು, ಗಾಳಿ ದಾಟಿಹೋಗುವವರೆಗೂ ಹಿಡಿದೇ ಇದ್ದರು.

“ಗಾಳಿ ಹಾದು ಹೋತು. ನೀ ಇನ್ನೂ ಕಂಡಿ ಬಾಯಾಗ ನಿಂತೀಯಲ್ಲವ್ವಾ.”