ಟ್ಯಾಂಕುಗಳ ನಡುವಿನ ಹುಲ್ಲು

"ಬುದ್ಧೀ, ಕಾಯುವವನು ಇನ್ನೆಷ್ಟು ಕಾಯಬೇಕು?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಮಠದ ಓಲೆಗರಿಗಳು ಹುಳು ಹಿಡಿದು ಪುಡಿಯಾಗುತ್ತಿದ್ದವು. ಪೂರ್ತಿ ಹಾಳಾಗುವ ಮೊದಲು ಅವನ್ನು ಕಾಗದಕ್ಕೆ ಇಳಿಸಬೇಕೆಂದು ಗುರುಗಳು ಆರು ಮಂದಿ ಬರೆಯುವವರನ್ನು ಎದುರಿನ ಪಡಸಾಲೆಯಲ್ಲಿ ಕೂರಿಸಿ, ಉಸ್ತುವಾರಿಯನ್ನು ಮುರಿಗೆಯ್ಯನಿಗೆ ವಹಿಸಿದ್ದರು. ಅವನೋ ಬೆಳಗಿನಿಂದ ಸಂಜೆಯವರೆಗೆ ಅವರ ಬೆನ್ನ ಹಿಂದೆಯೇ ಓಡಾಡುತ್ತಿದ್ದ. ಆದರೂ ಸಾಲುಗಳು ತಪ್ಪುತ್ತಿದ್ದವು, ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದರು. ಓಲೆಗಳು ಯಾರಿಗೂ ಕಾಯದೆ ಉದುರುತ್ತಿದ್ದವು. ಇದನ್ನೆಲ್ಲ ಹೇಳುವ ನಡುವೆಯೇ ಅವನು ಎದ್ದು, ಬಾಗಿಲಿಗೆ ಹೋಗಿ, ಪಡಸಾಲೆಯತ್ತ ಇಣುಕಿ ಬಂದು ಕೂತ.

ಬಾಗಿಲಿಗೆ ಮುಖ ಮಾಡಿ ಕೂತಿದ್ದ ಗುರುಗಳು ಕತೆ ಶುರು ಮಾಡಿದರು.

ಒಂದು ಕಾರ್ಖಾನೆ. ಅಲ್ಲಿ ಪೆಟ್ರೋಲು ತುಂಬಿಡುವ ಆರು ದೊಡ್ಡ ಟ್ಯಾಂಕುಗಳು, ಅವುಗಳ ಸುತ್ತ ಹುಲ್ಲು. ಹುಲ್ಲು ಬೆಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ! ಯಂತ್ರ ತಂದು ಕತ್ತರಿಸೋಣವೆಂದರೆ ಅಲಗು ಕಲ್ಲಿಗೆ ತಗುಲಿ ಒಂದು ಕಿಡಿ ಹಾರಿದರೆ ಸಾಕು, ಕಾರ್ಖಾನೆಯೂ ಇಲ್ಲ, ಪಕ್ಕದ ಊರೂ ಇಲ್ಲ. ಬಿಟ್ಟುಬಿಡೋಣವೆಂದರೆ ಒಣಹುಲ್ಲು ತಾನೇ ಕಿಡಿಗಾಗಿ ಕಾದು ಕೂತಿರುತ್ತದೆ. ಎಂಟು ದಿನದಲ್ಲಿ ತಪಾಸಣೆ. ಹುಲ್ಲು ಉಳಿದಿದ್ದರೆ ಗೇಟಿಗೆ ಬೀಗ. ಕೊನೆಗೆ ಅಲ್ಲಿನ ಅಧಿಕಾರಿ ಒಬ್ಬ ಕುರಿಗಾಹಿಯನ್ನು ಕರೆಸಿದ. ಅವನು ಅರವತ್ತು ಕುರಿ ಹೊಡೆದುಕೊಂಡು ಬಂದ.

ಮೂರು ದಿನದಲ್ಲಿ ಮೂರು ಟ್ಯಾಂಕುಗಳ ಸುತ್ತ ನೆಲ ಕಾಣಿಸಿತು. ಅಧಿಕಾರಿಗೆ ಅದು ಕಾಣಲಿಲ್ಲ. ಕೋಲಿಗೆ ಒರಗಿ ಇಡೀ ದಿನ ಸುಮ್ಮನೆ ನಿಂತಿದ್ದ ಕುರಿಗಾಹಿ ಮಾತ್ರ ಅವನ ಕಣ್ಣಿಗೆ ಬಿದ್ದ. ಆ ನಿಲುವನ್ನು ಅವನಿಂದ ಸಹಿಸಲಾಗಲಿಲ್ಲ.

"ಏನಯ್ಯಾ, ನೀನಿಲ್ಲಿ ಕೆಲಸಕ್ಕೆ ಬಂದಿದ್ದೋ, ಫೋಟೋ ತೆಗೆಸಿಕೊಳ್ಳೋದಕ್ಕೋ?"

"ನಿಲ್ಲೋದೇ ನನ್ನ ಕೆಲಸ, ಸ್ವಾಮಿ."

"ಹಾಗಾದರೆ ಆ ಲೈಟುಕಂಬಕ್ಕೂ ನಾನು ಕೂಲಿ ಕೊಡಬೇಕು. ನಡಿ, ನಡಿ."

ಕುರಿಗಾಹಿ ನಡೆದ. ಮಂದೆಯೂ ನಡೆಯಿತು. ಕುರಿಯ ರೂಢಿ ಅಷ್ಟೇ: ಕಾಯುವವನು ಹೆಜ್ಜೆ ಎತ್ತಿದನೆಂದರೆ ಇಲ್ಲಿಯ ಮೇವು ಮುಗಿಯಿತು, ಮುಂದಕ್ಕೆ ಹೊರಟೆವು ಎಂದು ಲೆಕ್ಕ. ಬಾಯಿಗೆ ಹಾಕಿದ್ದನ್ನು ಅರ್ಧ ಅಗಿಯುತ್ತ ಹೊರಟುಬಿಡುತ್ತವೆ. ಎರಡು ದಿನ ಮಂದೆ ಟ್ಯಾಂಕುಗಳನ್ನು ಸುತ್ತಿದ್ದೇ ಸುತ್ತಿದ್ದು. ಹುಲ್ಲು ಗೊರಸಿಗೆ ಸಿಕ್ಕಿ ಮಲಗಿತು, ಹೊಟ್ಟೆಗೆ ಹೋಗಲಿಲ್ಲ. ಆದರೆ ಎಲ್ಲೆಡೆ ಧೂಳು ಏಳುತ್ತಿತ್ತಲ್ಲ, ಈಗ ಕೆಲಸ ನಡೆಯುತ್ತಿದೆ ಎಂದು ಅಧಿಕಾರಿಗೆ ಖುಷಿಯಾಯಿತು.

ಮುರಿಗೆಯ್ಯ ಮತ್ತೆ ಎದ್ದು ಬಾಗಿಲಿಗೆ ಹೋದ. ಅವನು ಬಂದು ಕೂರುವವರೆಗೆ ಗುರುಗಳು ಕಾದರು.

ಐದನೆಯ ದಿನ ಸಂಜೆ ಕುರಿಗಾಹಿಯ ಅಂಗಾಲಿಗೆ ತಂತಿಯ ಚೂರು ನಟ್ಟಿತು. ಬೆಳಗಾಗುವಷ್ಟರಲ್ಲಿ ಕಾಲು ಬಾತು, ನೆಲಕ್ಕೆ ಊರಲಾಗಲಿಲ್ಲ. ಮೂರು ಟ್ಯಾಂಕು ಉಳಿದಿವೆ, ಮೂರೇ ದಿನ ಉಳಿದಿದೆ. ಮಲಗಿದ್ದ ಹುಲ್ಲನ್ನು ನೋಡಿ ಅಧಿಕಾರಿ ಕುರಿಗಾಹಿಯ ಬಳಿಗೆ ಓಡಿಬಂದ. ಕುರಿಗಾಹಿ ತನ್ನ ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿ, ಕೋಲನ್ನು ಕೈಗೆ ಕೊಟ್ಟ.

"ನಾನೇನು ಮಾಡಲಿ?"

"ನಿಂತ್ಕೊಳ್ಳಿ ಸ್ವಾಮಿ."

"ಆಮೇಲೆ?"

"ಆಮೇಲೂ ನಿಂತ್ಕೊಳ್ಳಿ."

ನಿಂತ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ. ಕಾಲು ಜುಮ್ಮೆಂದಿತು. ಗೇಟಿನಲ್ಲಿ ಲಾರಿಯೊಂದು ಹಾರನ್ ಹೊಡೆಯಿತು, ಓಡಿಹೋಗಿ ಕೇಳಬೇಕೆನ್ನಿಸಿತು. ಆರನೆಯ ಟ್ಯಾಂಕಿನ ಹತ್ತಿರ ಹುಲ್ಲು ಎಷ್ಟಿದೆಯೋ, ಒಮ್ಮೆ ನೋಡಿಬರೋಣ ಎಂದು ಒಂದೇ ಒಂದು ಹೆಜ್ಜೆ ಇಟ್ಟ. ಅರವತ್ತು ತಲೆಗಳು ಮೇಲೆದ್ದವು. ಹೆಜ್ಜೆಯನ್ನು ಹಿಂದಕ್ಕೆ ತಂದ. ಬಹಳ ಹೊತ್ತಿನ ಮೇಲೆ ಒಂದು ಕುರಿ ತಲೆ ತಗ್ಗಿಸಿತು, ಅದನ್ನು ನೋಡಿ ಪಕ್ಕದ್ದು, ಆಮೇಲೆ ಎಲ್ಲವೂ. ಒಂದು ಮುದಿ ಕುರಿಯಂತೂ ಅವನ ಬೂಟಿನ ಅಂಚಿನ ಹುಲ್ಲನ್ನೇ ಕಿತ್ತು ತಿಂದಿತು. ಅಧಿಕಾರಿಗೇನೂ ಶಾಂತಿ ಸಿಕ್ಕಿತೆಂದು ತಿಳಿಯಬೇಡ. ಒಳಗೆ ಅವನು ಮೂರು ದಿನವೂ ಓಡುತ್ತಲೇ ಇದ್ದ. ಕಾಲು ನಿಂತಿತ್ತು, ಅಷ್ಟೆ. ಕುರಿಗಳಿಗೆ ಅಷ್ಟು ಸಾಕಾಗಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮುರಿಗೆಯ್ಯ ಆಗಲೇ ಬಾಗಿಲಲ್ಲಿದ್ದ, ಕುತ್ತಿಗೆ ಪಡಸಾಲೆಯತ್ತ ಚಾಚಿತ್ತು. ಅಲ್ಲಿಂದಲೇ ಕೇಳಿದ, "ಕೊನೆಗೆ ಹುಲ್ಲು ಮುಗಿಯಿತೇ ಬುದ್ಧೀ?"

"ಹುಲ್ಲು ಮುಗಿಯಿತಪ್ಪ, ನೀನು ಬಂದಾಗಿನಿಂದ ಮೂರು ಸಲ ಬಾಗಿಲಿಗೆ ಹೋದೆ, ಅಲ್ಲಿ ಮೂರು ಸಲವೂ ಆರು ತಲೆಗಳು ಓಲೆಯಿಂದ ಮೇಲೆದ್ದವು."