ಜಾಲಿಪಟ್ಟಣದ ದುಬಾರಿ ಗೂಡು

ಮಕ್ಕಳೇ, ಗೀಜಗ ಹಕ್ಕಿಗಳು ಒಂಟಿಯಾಗಿ ಗೂಡು ಕಟ್ಟುವುದಿಲ್ಲ. ಒಂದೇ ಮರದಲ್ಲಿ ಸಾಲು ಸಾಲಾಗಿ ಗೂಡು ತೂಗುಹಾಕುತ್ತವೆ. ಆ ಮರವೇ ಅವುಗಳಿಗೆ ಪಟ್ಟಣ.

ಒಂದು ಬಯಲಿನಲ್ಲಿ ಹಳೆಯ ಬಾವಿಯೊಂದಿತ್ತು. ಅದರ ಮೇಲೆ ಬಾಗಿ ನಿಂತ ಮುಳ್ಳುಮರ ಜಾಲಿಪಟ್ಟಣ. ಸ್ವಲ್ಪ ದೂರದಲ್ಲಿ, ಸಜ್ಜೆ ಹೊಲದ ಬದುವಿನ ಮೇಲೆ ಒಂದು ಹೊಂಗೆ ಮರ. ಅದಕ್ಕೆ ಹೊಂಗೆಪಟ್ಟಣ ಎಂದು ಹೆಸರು.

ಹಕ್ಕಿಗಳು ಎಲ್ಲದಕ್ಕೂ ರೆಕ್ಕೆಯ ದಣಿವನ್ನೇ ಬೆಲೆಯಾಗಿ ಕೊಡುತ್ತವೆ. ಆ ಲೆಕ್ಕದಲ್ಲಿ ಜಾಲಿಪಟ್ಟಣ ಬಲು ದುಬಾರಿ. ಕಾಳು ದೂರ, ನಾರು ಸೀಳಿ ತರುವ ಕಬ್ಬಿನ ತೋಟ ಇನ್ನೂ ದೂರ. ನೀರಿನ ಮೇಲೆ ತೂಗುವ ಕೊಂಬೆ ಬೇಕಾದರೆ ನೆರೆಯವರೊಡನೆ ಜಗಳ. ಸಿಕ್ಕರೂ ಎದೆಗೆ ಮುಳ್ಳು. ಆದರೂ ಅಲ್ಲಿನವರು ಕತ್ತೆತ್ತಿ, ತಾವು ಜಾಲಿಪಟ್ಟಣದವರು ಎಂದು ಹೇಳಿಕೊಳ್ಳುತ್ತಿದ್ದರು.

ಅಲ್ಲಿಯೇ ಹುಟ್ಟಿದ ಚೆನ್ನಿಗನಿಗೆ ಅದು ಗೂಡು ಕಟ್ಟುವ ಮೊದಲ ಮಳೆಗಾಲ. ಗೀಜಗರಲ್ಲಿ ಒಂದು ಪದ್ಧತಿಯಿದೆ. ಗಂಡು ಅರ್ಧ ಗೂಡು ಕಟ್ಟಿ ಕೂಗಬೇಕು. ಹೆಣ್ಣು ಬಂದು ನೋಡಬೇಕು. ಅವಳು ಒಪ್ಪಿದರೆ ಉಳಿದರ್ಧ, ಒಪ್ಪದಿದ್ದರೆ ಗೂಡು ಅಷ್ಟಕ್ಕೇ ನಿಲ್ಲುತ್ತದೆ. ಮಳೆಗಾಲ ಮುಗಿದು ಗಂಡಿನ ತಲೆಯ ಹಳದಿ ಮಾಸಿತೆಂದರೆ ಆ ವರ್ಷ ಸಂಸಾರವಿಲ್ಲ.

ನಾರು ಹೊತ್ತು ದಣಿದಿದ್ದ ಚೆನ್ನಿಗನನ್ನು ಮೈನಾ ದ್ಯಾಮಕ್ಕ ಮಾತಿಗೆಳೆದಳು. ಹೊಂಗೆಪಟ್ಟಣದಲ್ಲಿ ಕೊಂಬೆಗೆ ಜಗಳವಿಲ್ಲ, ಮುಳ್ಳಿಲ್ಲ, ಕಬ್ಬಿನ ತೋಟ ಪಕ್ಕದಲ್ಲೇ ಇದೆ ಎಂದು ಹೊಗಳಿದಳು.

"ಕೂತಲ್ಲೇ ಕತ್ತು ಚಾಚಿದರೆ ಸಜ್ಜೆ ತೆನೆ ಕಣಪ್ಪಾ," ಎಂದಳು. "ಈ ಮುಳ್ಳಿಗೆ ಇಷ್ಟು ಬೆಲೆ ತೆರುತ್ತೀಯಲ್ಲ, ನಿನಗೆ ಲೆಕ್ಕ ಬರುವುದಿಲ್ಲವೇ?"

ಆ ಮಾತು ಚೆನ್ನಿಗನಿಗೆ ನಾಟಿತು. ಹಿರಿಯರು ಬೇಡವೆಂದರೂ ಕೇಳದೆ ಹೊಂಗೆಪಟ್ಟಣಕ್ಕೆ ಹೊರಟ. ಅಲ್ಲಿ ಹೊಟ್ಟೆ ತುಂಬ ತಿಂದು, ಆತುರವಿಲ್ಲದೆ ನೇಯ್ದ. ಒಳಗೆ ಹಸಿಮಣ್ಣು ಮೆತ್ತಿದ. ಅಷ್ಟು ನಯವಾದ ಅರ್ಧ ಗೂಡು ಆ ಬಯಲಿನಲ್ಲಿ ಮತ್ತೊಂದಿರಲಿಲ್ಲ.

ಹೆಣ್ಣುಗಳು ಬಂದವು. ನೇಯ್ಗೆಯನ್ನು ಎಳೆದು ನೋಡಿ ಮೆಚ್ಚಿದವು. ಆಮೇಲೆ ಬಗ್ಗಿ ಕೆಳಗೆ ನೋಡಿ ಹಾರಿಹೋದವು. ಮಳೆ ವಿರಳವಾಗತೊಡಗಿತು. ಚೆನ್ನಿಗನ ಕೂಗು ಒಡೆಯಿತು. ಕೊನೆಗೆ ಬಂದವಳು ಸಾಕವ್ವ.

"ಇಲ್ಲಿ ಕಾಳು ಎಷ್ಟು ಹತ್ತಿರ ನೋಡಿ," ಎಂದ ಚೆನ್ನಿಗ.

ಸಾಕವ್ವ ಕೆಳಗೆ ನೋಡಿದಳು. ಅಲ್ಲಿ ನೀರಿರಲಿಲ್ಲ, ಒಣನೆಲವಿತ್ತು.

"ಹೋದ ವರ್ಷ ಇಂಥದೇ ಮರದಲ್ಲಿ ನನ್ನ ಮೊಟ್ಟೆಗಳಿದ್ದವು," ಎಂದಳು ಮೆಲ್ಲಗೆ. "ಅಲ್ಲೂ ಕಾಳು ಹತ್ತಿರವೇ ಇತ್ತು."

ಅವಳು ಹಾರಿಹೋದಳು. ಚೆನ್ನಿಗ ಆ ಮಾತನ್ನೇ ಯೋಚಿಸುತ್ತ ಕುಳಿತಿದ್ದಾಗ ಕೇರೆಹಾವೊಂದು ಬದುವಿನಿಂದ ಹರಿದು ಬಂತು. ನುಣುಪಾದ ಕಾಂಡವನ್ನು ಆರಾಮವಾಗಿ ಹತ್ತಿ, ಗೂಡಿನೊಳಗೆ ತಲೆ ಹಾಕಿ, ಬರಿದೆಂದು ತಿಳಿದು ಇಳಿದುಹೋಯಿತು. ಸಾಕವ್ವನ ಮೊಟ್ಟೆಗಳು ಏನಾದವು, ಜಾಲಿಯ ಮುಳ್ಳೂ ಬಾವಿಯ ನೀರೂ ಏಕೆ ಬೇಕು ಎಂಬುದು ಚೆನ್ನಿಗನಿಗೆ ಆಗ ತಿಳಿಯಿತು.

ಅಂದೇ ಅವನು ಜಾಲಿಪಟ್ಟಣಕ್ಕೆ ಮರಳಿದ. ಯಾರೂ ಹಂಗಿಸಲಿಲ್ಲ. ಅತ್ತ ಸರಿದು, ಬಾವಿಯ ನಟ್ಟನಡುವೆ ಬಾಗಿದ್ದ ಒಂದು ಕೊಂಬೆಯ ತುದಿಯನ್ನು ಬಿಟ್ಟುಕೊಟ್ಟರು. ಅವನು ಹಸಿದು ನೇಯ್ದ, ಎದೆ ಗೀರಿಕೊಂಡು ನೇಯ್ದ. ಸಾಕವ್ವ ಬಂದಳು. ಕೆಳಗಿನ ನೀರನ್ನು ಬಹಳ ಹೊತ್ತು ನೋಡಿದಳು. ಬಳಿಕ ಗೂಡಿನೊಳಗೆ ಹೋಗಿ ಕುಳಿತಳು. ಚೆನ್ನಿಗ ಉಳಿದರ್ಧಕ್ಕೆ ನಾರು ತರಲು ಹಾರಿದ.

ಮರಿಗಳ ಸದ್ದು ಕೇಳತೊಡಗಿದ ಮೇಲೆ ಒಂದು ಬೆಳಗ್ಗೆ ದ್ಯಾಮಕ್ಕ ಬಾವಿಯ ಗೋಡೆಯ ಪೊಟರೆಯಿಂದ ತಲೆ ಹೊರಹಾಕಿದಳು. ಅವಳ ಮರಿಗಳೂ ಅಲ್ಲಿಯೇ, ಅದೇ ನೀರಿನ ಮೇಲೆ ಇದ್ದವು.

"ಏನಪ್ಪಾ ಚೆನ್ನಿಗ, ಜಾಲಿಪಟ್ಟಣದ ಬಾಳು ಹೇಗಿದೆ?" ಎಂದು ಕೆಣಕಿದಳು.

ಚೆನ್ನಿಗ ಗೀರುಬಿದ್ದ ಎದೆಯನ್ನು ಉಬ್ಬಿಸಿದ.

"ದುಬಾರಿ, ದ್ಯಾಮಕ್ಕ. ನೀನೂ ಇಲ್ಲೇ ಇದ್ದೀಯಲ್ಲ, ನಿನಗೆ ಗೊತ್ತಿಲ್ಲವೇ?"

ನೀತಿ: ಎರಡು ಊರುಗಳನ್ನು ಹೋಲಿಸುವಾಗ ಎಷ್ಟು ಬೆಲೆ ತೆರುತ್ತೇವೆ ಎಂಬುದನ್ನಷ್ಟೇ ಅಲ್ಲ, ಆ ಬೆಲೆಗೆ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು.